ಹುಟ್ಟಿದ್ದಕ್ಕೆ ಸಾಕ್ಷಿ

ಅಂತ್ಸಿರಾಬೆಯಲ್ಲಿ ಜುಲೈ ಅಂದರೆ
ಪೂಸ್-ಪೂಸ್ ಬಂಡಿಯ ಮೂಕಿಗಳ ಮೇಲೆ ಇಬ್ಬನಿ ಹೆಪ್ಪುಗಟ್ಟುವ ತಿಂಗಳು.
ನನ್ನ ಬಗಲಲ್ಲಿ ಹಸಿರು ಕಡತ. ಅದರೊಳಗೆ
ಇನ್ನೂ ಹುಟ್ಟದ ಮೂವತ್ತೊಂದು ಮಕ್ಕಳು.

ಹುಟ್ಟಿದ್ದಾರೆ, ಹೌದು. ಓಡುತ್ತಾರೆ, ಕೆಮ್ಮುತ್ತಾರೆ,
ಊರಾಚೆಯ ಕ್ವಾರಿಯಲ್ಲಿ ಜಲ್ಲಿ ಒಡೆಯುತ್ತಾರೆ.
ಕಾಗದದಲ್ಲಿ ಮಾತ್ರ ಹುಟ್ಟಿಲ್ಲ.
ಕಾಗದದಲ್ಲಿ ಹುಟ್ಟದವರಿಗೆ
ಹಾಜರಿ ಪುಸ್ತಕದಲ್ಲಿ ಸಾಲಿಲ್ಲ, ಪರೀಕ್ಷೆಯಲ್ಲಿ ಬೆಂಚಿಲ್ಲ.
ಸುತ್ತಿಗೆಗೆ ಯಾವ ಕಾಗದವೂ ಬೇಡ.

ಇವತ್ತಿನವಳು ಹನ್ನೆರಡನೆಯವಳು, ವುಲಾತಿಯಾನಾ.
ವುಲಾ ಎಂದರೆ ನಮ್ಮಲ್ಲಿ ಬೆಳ್ಳಿ, ದುಡ್ಡೂ ಹೌದು.
ಹೆಸರಿಟ್ಟ ಅಪ್ಪ ನೀಲಮಣಿ ಅಗೆಯಲು ದಕ್ಷಿಣಕ್ಕೆ ಹೋದ;
ಅಲ್ಲಿಂದ ಕಲ್ಲೂ ಬರಲಿಲ್ಲ, ಸುದ್ದಿಯೂ ಬರಲಿಲ್ಲ.
ಅಮ್ಮ ಅದೇ ವರ್ಷ ಮಣ್ಣಾದಳು.

ವಯಸ್ಸೆಷ್ಟು ಎಂದು ಕೇಳಿದ್ದೆ, ಕ್ವಾರಿಯ ಅಂಚಿನಲ್ಲಿ ನಿಂತು.
"ಹದಿನೈದು" ಅಂದ ಧನಿ ರಬೆನಾರಿವು,
ಅವಳ ಬದಲಿಗೆ, ಥಟ್ಟನೆ.
ಅಜ್ಜಿ ಹೊದಿಕೆ ಸರಿಪಡಿಸಿಕೊಂಡು ಬೆರಳು ಮಡಿಸಿದಳು:
"ಹಿರೀಕರ ಗೋರಿ ತೆರೆದು
ಮೂಳೆಗಳಿಗೆ ಹೊಸ ರೇಷ್ಮೆ ಸುತ್ತಿದೆವಲ್ಲ, ಅದರ ಮರುವರ್ಷ.
ಭತ್ತ ಹಳದಿಗೆ ತಿರುಗಿತ್ತು.
ಬಿರುಗಾಳಿ ತಗಡು ಹಾರಿಸಿದ ರಾತ್ರಿಯಲ್ಲ, ಅದರ ಮಾರನೆ ರಾತ್ರಿ."
ಅಂದರೆ ಒಂಬತ್ತೋ, ಹತ್ತೋ.
ಹುಡುಗಿ ಏನೂ ಹೇಳದೆ ಬಾಯಿ ತೆರೆದು ತೋರಿಸಿದಳು,
ಹೋದ ವಾರ ಹಲ್ಲು ಬಿದ್ದ ಜಾಗ.

ಅಂಕಿ ಬರೆಯಲು ಬಾರದು ಅವಳಿಗೆ. ಆದರೆ
ಹದಿನೇಳು ಬುಟ್ಟಿ ಒಡೆದು ಸುರಿದ ದಿನ
ಹದಿನಾಲ್ಕಕ್ಕೇ ಕೂಲಿ ಬಂದರೆ
ಉಳಿದ ಮೂರು ಯಾರ ಲಾರಿ ಹತ್ತಿದವೆಂದು ಗೊತ್ತು.

ಅಜ್ಜಿ ನನ್ನನ್ನು ಮೂಲೆಗೆ ಕರೆದಳು:
"ಓದಲಿ, ಬೇಡ ಅನ್ನುವುದಿಲ್ಲ. ಒಲೆಯ ಮೇಲೇನಿಡಲಿ?"
ಅಕ್ಕಿಯಿಲ್ಲದೆ ಅಕ್ಷರ ಒಳಗಿಳಿಯದು.
ತಿಂಗಳಿಗೊಂದು ಚೀಲ ಎಂದು ಮಾತು ಕೊಟ್ಟೆ.
ಮೂವತ್ತೊಂದು ಮನೆಗೆ ಮೂವತ್ತೊಂದು ಚೀಲ ಎಲ್ಲಿಂದ,
ಆ ಲೆಕ್ಕವನ್ನು ರಾತ್ರಿ ದೀಪ ಆರಿಸಿ ಮಾಡುತ್ತೇನೆ.

ಕೋರ್ಟಿನಲ್ಲಿ ನ್ಯಾಯಾಧೀಶೆ ಕನ್ನಡಕ ಒರೆಸುತ್ತ ಕೇಳಿದರು:
"ಹುಟ್ಟಿದ್ದನ್ನು ಕಂಡವರು ಇಬ್ಬರು ಬೇಕು."
ಅಜ್ಜಿ ಒಬ್ಬಳು.
ಸೂಲಗಿತ್ತಿ ಈಗ ಆ ರೇಷ್ಮೆಯೊಳಗಿದ್ದಾಳೆ.
ಎದುರಿಗೇ ನಿಂತಿದ್ದಳಲ್ಲ ಹುಡುಗಿ,
ಚಪ್ಪಲಿಯಿಲ್ಲದ ಕಾಲು ಒಂದರ ಮೇಲೊಂದು ಇಟ್ಟುಕೊಂಡು!
ಇರುವವಳು ಹುಟ್ಟಿರಲೇಬೇಕು ಎನ್ನುವಷ್ಟು ಸರಳವಲ್ಲ ಕಾನೂನು.

ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು.
ನಮ್ಮನ್ನು ಎಳೆದು ತಂದ ಬಂಡಿಯವ, ದೆಝೀರೆ,
ಟೊಪ್ಪಿ ಕೈಯಲ್ಲಿ ಹಿಂಡುತ್ತ:
"ನಾನು ಕಂಡಿದ್ದೇನೆ ತಾಯಿ. ನನ್ನ ಬಂಡಿಯಲ್ಲೇ ಹುಟ್ಟಿದ್ದು,
ಆಸ್ಪತ್ರೆಯ ಏರಿನಲ್ಲಿ.
ಗುರುವಾರ ಹಾಕಿಸಿದ ಹೊಸ ರೆಕ್ಸಿನ್ ಸೀಟು, ಶುಕ್ರವಾರ ಹಾಳು.
ಏಪ್ರಿಲ್ ಒಂಬತ್ತು. ಹೇಗೆ ಮರೆಯಲಿ?
ಬಾಡಿಗೆಯೂ ಬರಲಿಲ್ಲ."

ಗುಮಾಸ್ತ ನಕ್ಕ. ನ್ಯಾಯಾಧೀಶೆ ನಗಲಿಲ್ಲ, ಬರೆದುಕೊಂಡರು.
ಹತ್ತು ವರ್ಷ, ಮೂರು ತಿಂಗಳು.
ಠಸ್ಸೆ ಬಿದ್ದ ಸದ್ದು ಸುತ್ತಿಗೆಯಂತೆಯೇ ಇತ್ತು;
ಹುಡುಗಿ ಬೆಚ್ಚಿ ಕಣ್ಣು ಮುಚ್ಚಿದಳು,
ಚೂರು ಹಾರಿ ಕಣ್ಣಿಗೆ ಬಿದ್ದೀತೆಂದು.

ನಮೂನೆಯ ಚೌಕಗಳು ಅವಳ ಹೆಸರಿಗೆ ಸಾಲಲಿಲ್ಲ.
ಕೊನೆಯ ಅಕ್ಷರ ಗೆರೆಯಾಚೆ ನಿಂತಿದೆ.
ಹಣ ಕೊಡುವವರು ನಗುವ ಫೋಟೋ ಕೇಳಿದ್ದರು.
ಹಲ್ಲಿಲ್ಲವೆಂದು ಅವಳು ತುಟಿ ಬಿಗಿದೇ ನಿಂತಳು;
ಅದನ್ನೇ ಕಳಿಸಿದ್ದೇನೆ.

ಮರಳುವಾಗ ಅಜ್ಜಿ ಸೀಟಿಗೆ ಮುತ್ತಿಟ್ಟಳು, ಬೇರೆ ಸೀಟು ಅದು, ಇರಲಿ.
ವುಲಾತಿಯಾನಾ ಮುಂದಕ್ಕೆ ಬಾಗಿ
ಓಡುತ್ತಿದ್ದ ಬೆನ್ನನ್ನು ಕೇಳಿದಳು:
"ನನ್ನ ಬಾಡಿಗೆ ಎಷ್ಟಾಗಿತ್ತು ಮಾಮ?"
ಅವನು ಏದುಸಿರಿನ ನಡುವೆ ಹೇಳಿದ.
ಅವಳು ಬೆರಳು ಎಣಿಸಿದಳು. "ನಾಲ್ಕು ಬುಟ್ಟಿ."

"ಈಗ ಬೇಡ" ಅಂದ ದೆಝೀರೆ, ಇಳಿಜಾರಿಗೆ ಕಾಲು ಊರುತ್ತ,
"ಬರೆಯಲು ಬಂದ ಮೇಲೆ ಬರೆದಿಟ್ಟುಕೋ."