ಮಂಡಿ ನೋವಿನ ಸಕ್ಕರೆ

ಬುಧವಾರ, ಬೆಳಗಿನ ಜಾವ ಮೂರೂಕಾಲು.
ಜಕ್ಕೂರಿನ ಕಡೆಯಿಂದ ಒಂದು ನಾಯಿ, ಆಮೇಲೆ ಅದೂ ಇಲ್ಲ.
ಇನ್‌ಕ್ಯುಬೇಟರಿನ ಬಾಗಿಲು ತೆರೆದರೆ
ಜ್ವರ ಬಿಟ್ಟವರ ಹಣೆ ಮುಟ್ಟಿದ ಹಾಗೆ ಗಾಳಿ.

ನೆತ್ತರು ಬ್ಲಡ್ ಬ್ಯಾಂಕಿನದು, ಅವಧಿ ಮುಗಿದ ಚೀಲ,
ಓ ಪಾಸಿಟಿವ್. ಹೆಸರಿಲ್ಲ, ನಂಬರಷ್ಟೇ.
ಯಾರೋ ತೋಳು ಚಾಚಿ, ಕೊಟ್ಟ ಬಿಸ್ಕತ್ತು ತಿಂದು ಹೋದವನು;
ಅವನ ಕೆಂಪು ಕಣಗಳಲ್ಲಿ ಈಗ
ಬಾಡಿಗೆ ಕೊಡದೆ ಕೂತಿದೆ ಮಲೇರಿಯಾ,
ನಲವತ್ತೆಂಟು ಗಂಟೆಗೊಮ್ಮೆ ಗೋಡೆ ಒಡೆದು
ಪಕ್ಕದ ಮನೆಗೆ.

ನಾನು ಕೊಲ್ಲಲು ಬಂದವಳಲ್ಲ.
ಅದರ ಐದು ಸಾವಿರ ಚಿಲ್ಲರೆ ಜೀನುಗಳಲ್ಲಿ ಒಂದರ ಬಾಲಕ್ಕೆ
ಕತ್ತರಿ ಹೊಲಿದಿದ್ದೇನೆ. ಹನ್ನೊಂದು ತಿಂಗಳು ಹಿಡಿಯಿತು.
ಸುಮ್ಮನಿರುತ್ತದೆ ಕತ್ತರಿ. ಗ್ಲುಕೋಸಮೈನ್ ತಾಕಿದರೆ ಮಾತ್ರ
ತನ್ನನ್ನೇ ಕತ್ತರಿಸಿಕೊಳ್ಳುತ್ತದೆ:
ಓದುವ ಮೊದಲೇ ಹರಿದ ಓಲೆ, ಆ ಆರ್‌ಎನ್‌ಎ.
ಪ್ರೋಟೀನು ಹುಟ್ಟುವುದಿಲ್ಲ. ಹುಟ್ಟಿದರೂ ಅಷ್ಟಿಷ್ಟು.

ಅದೇ ಸಕ್ಕರೆಯನ್ನೇ ಫಿಲೋಮಿನಾ ಆಂಟಿ
ಮಾತ್ರೆ ಮಾಡಿ ನುಂಗುವುದು.
ಗಾಜು ತೊಳೆಯುತ್ತ ಇಪ್ಪತ್ತೆರಡು ವರ್ಷ ನಿಂತ ಮಂಡಿ.
ನನ್ನ ಡಬ್ಬಿಯ ಮೇಲಿನ ಹೆಸರು ಓದಿ ನಕ್ಕಿದ್ದರು:
"ನಿನ್ ಹುಳಕ್ಕೂ ಮಂಡಿ ನೋವಾ?"

ಪಕ್ಕದ ಫ್ಲಾಸ್ಕಿನಲ್ಲಿ ಕತ್ತರಿಯಿಲ್ಲದ ದಾಯಾದಿಗಳು.
ಅವಕ್ಕೂ ಅಷ್ಟೇ ಸಕ್ಕರೆ, ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ;
ಜೀನು ಅಡಗಿ ಸತ್ತವೋ, ಸಕ್ಕರೆ ತಿಂದು ಸತ್ತವೋ ಅಂತ
ನಾಳೆ ಯಾರೂ ಕೇಳಬಾರದಲ್ಲ.

ಶನಿವಾರ ಬ್ಲಾಟಿನಲ್ಲಿ ಪಟ್ಟಿ ಮಾಸಿತ್ತು,
ಒಗೆದು ಒಗೆದು ಬಣ್ಣ ಬಿಟ್ಟ ಸೀರೆಯಂಚು.
ನೂರರಲ್ಲಿ ಎಂಬತ್ತು ಪಾಲು ಇಲ್ಲ!
ಗೈಡಿಗೆ ಫೋಟೋ ಕಳಿಸಿದೆ, ಕೈ ನಡುಗುತ್ತಿತ್ತು.
ಆಮೇಲೆ ಜೀಮ್ಸಾ ಹಚ್ಚಿದ ಸ್ಲೈಡು, ಒಂದು ತೊಟ್ಟು ಎಣ್ಣೆ, ನೂರರ ಲೆನ್ಸು:
ನೇರಳೆ ಉಂಗುರ. ಇನ್ನೊಂದು. ಒಂದೇ ಕಣದಲ್ಲಿ ಎರಡು.
ಎಣಿಸಿದೆ. ಮತ್ತೆ ಎಣಿಸಿದೆ.
ಈ ಫ್ಲಾಸ್ಕಿಗೂ ಆ ಫ್ಲಾಸ್ಕಿಗೂ ಏನೂ ವ್ಯತ್ಯಾಸವಿಲ್ಲ.
ಪಟ್ಟಿ ಮಾಸಿದೆ, ಪರಾವಲಂಬಿ ಮಾಸಿಲ್ಲ.

ಬೇಡದ ಜೀನೋ? ಅಥವಾ ಉಳಿದ ಇಪ್ಪತ್ತರಲ್ಲೇ
ಸಂಸಾರ ತೂಗಿಸಿಕೊಂಡು ಹೋಗುತ್ತಿದೆಯೋ?

ಆಂಟಿಗೆ ಹೇಳಿದೆ. ಬ್ರಷ್ಷು ನಿಲ್ಲಿಸಲಿಲ್ಲ.
"ನಂಗೂ ಏನೂ ಆಗಿಲ್ಲ ಕಣಮ್ಮ, ಎರಡು ವರ್ಷದಿಂದ ನುಂಗ್ತಿದೀನಿ."
ಮತ್ತೆ ಯಾಕೆ?
"ಬಿಟ್ಟು ನೋಡಿಲ್ಲವಲ್ಲ."

ಲಿಫ್ಟು ಕೆಟ್ಟಿತ್ತು. ಕಂಬಿ ಹಿಡಿದು ಮೆಟ್ಟಿಲಿಗೊಂದು ನಿಟ್ಟುಸಿರು
ಇಳಿಯುತ್ತ ಹೋದರು ಆಂಟಿ, ಲಿಂಗರಾಜಪುರದ ಬಸ್ಸಿಗೆ.
ನಾನು ಒಂದು ಫ್ಲಾಸ್ಕಿನ ಸಕ್ಕರೆ ತೊಳೆದು
ಮುಚ್ಚಳದ ಮೇಲೆ ತಾರೀಖು ಬರೆದೆ.