ಏಳನೇ ಮಹಡಿ, ಗ್ದಾನ್ಸ್ಕ್

ಮೂರು ರಾತ್ರಿಯಾಯಿತು, ಬೊಗುಮಿಲ್
ಸೋಫಾ ಹಿಂದೆ ಮೊಣಕಾಲೂರಿ
ತಂತಿಗಳ ಸಿಕ್ಕು ಬಿಡಿಸುತ್ತ.
ಕಂಪ್ಯೂಟರು ಸಿನಿಮಾ ಓದುತ್ತದೆ, ಸರಿ.
ದನಿ ಮಾತ್ರ ಎದುರಿನ ಎರಡೇ ಪೆಟ್ಟಿಗೆಯಲ್ಲಿ ಮುದುರಿಕೊಂಡಿದೆ,
ಚಾವಣಿಯ ನಾಲ್ಕಕ್ಕೂ ಮೌನವ್ರತ.

ಕೊನೆಗೆ ಹೇಳಿದ ಯಂತ್ರಕ್ಕೆ:
ಗಂಟು ನೀನು ಬಿಚ್ಚಬೇಡ ಮಾರಾಯ,
ಹಾಗೇ ದಾಟಿಸು ಆಂಪ್ಲಿಫೈಯರಿಗೆ.
ನೀಲಿ ದೀಪ ಹತ್ತಿತು.

ನೆತ್ತಿಯ ಮೇಲೆ ಮಳೆ!
ಕಿಟಕಿಯಾಚೆ ಜನವರಿಯ ಹಿಮ, ಸದ್ದಿಲ್ಲ;
ಎಡಗಡೆ ಹಿಂದೆ ಯಾರೋ ಕೊಡೆ ಬಿಚ್ಚಿದರು.
ಆಮೇಲೆ ಠಕ್, ಠಕ್ ಠಕ್,
ಮೇಲಿನಿಂದ, ಎಷ್ಟು ಕರಾರುವಾಕ್ಕು!

ಹಿಂದಕ್ಕೋಡಿಸಿ ಮತ್ತೆ ಕೇಳಿದ.
ಮಳೆ ಇತ್ತು. ಕೊಡೆ ಇತ್ತು.
ಠಕ್ ಇರಲಿಲ್ಲ.

ಫೋನಿನಲ್ಲಿ ಎಂಟನೇ ಮಹಡಿಯ ಯಾದ್ವಿಗಾ ಅಜ್ಜಿ,
ಕೈಯಲ್ಲಿನ್ನೂ ಊರುಗೋಲು:
'ನಿಮ್ಮನೆ ಪೈಪು ಒಡೆದಿದೆಯೇನಪ್ಪಾ,
ನೀರು ಸುರಿಯುತ್ತಿದೆಯಲ್ಲ?'