ಮೇಲ್ಸಾಲಿನ ಸಂದಿ

ನನ್ನ ಕಿಟಕಿಯಿಂದ ಸೇತುವೆ ಕಾಣುತ್ತದೆ.
ಮೂವತ್ತಮೂರು ಕಮಾನು. ಬಾಯಿಗಿಂತ ಒಂದು ಹೆಚ್ಚು.
ಕೆಳಗೆ ನದಿಯಿಲ್ಲ, ಈ ವರ್ಷವೂ;
ಇಸ್ಫಹಾನಿನ ಹುಡುಗರು ಒಣ ಪಾತ್ರದಲ್ಲೇ ಚೆಂಡು ಒದೆಯುತ್ತಾರೆ.

ಯದುಲ್ಲಾ ಬಂದದ್ದು ಮಗಳ ಬಲವಂತಕ್ಕೆ.
ಐವತ್ತೊಂದು ವರ್ಷ, ಉಗುರಿನೊಳಗೆ ನೀಲಿ ಮೆರುಗಿನ ಪುಡಿ,
ಹಳೆಯ ಗುಮ್ಮಟಗಳಿಂದ ಉದುರಿದ ಹೆಂಚು ಮರಳಿ ಕೂರಿಸುವ ಕೆಲಸ.
"ನಿಶ್ಚಿತಾರ್ಥದ ಪಟದಲ್ಲಿ ಅಪ್ಪ ಬಾಯಿ ಬಿಗಿದು ನಿಂತಿದ್ದಾನೆ ಡಾಕ್ಟರ್,
ಈ ಸಂಬಂಧ ಇಷ್ಟವಿಲ್ಲವೇನೋ ಅಂದುಕೊಂಡರು ಬೀಗರು."
ಎಂದಳು ಪರಸ್ತೂ. ಮದುವೆಗೆ ಇನ್ನು ಹದಿನಾಲ್ಕು ತಿಂಗಳು.

ಬಾಯಿ ತೆರೆಸಿದೆ.
ಕೆಳಸಾಲಿನಲ್ಲಿ ನೂಕುನುಗ್ಗಲು:
ಒಂದರ ಭುಜದ ಮೇಲೊಂದು ಹತ್ತಿ,
ಒಂದು ಪೂರ್ತಿ ಬೆನ್ನು ತಿರುಗಿಸಿ,
ಇನ್ನೊಂದು ನಾಲಿಗೆಯ ಅಂಚನ್ನು ದಿನಾ ಕೊರೆಯುತ್ತ.
ಮೇಲ್ಸಾಲಿನ ನಟ್ಟನಡುವೆ ಮಾತ್ರ
ಗೋಧಿಕಾಳು ನೆಟ್ಟಗೆ ನಿಲ್ಲುವಷ್ಟು ಸಂದಿ.

ಹೇಳಬೇಕಾದ್ದನ್ನು ಹೇಳಿದೆ, ಪ್ಲಾಸ್ಟರಿನ ದವಡೆ ಕೈಯಲ್ಲಿ ಹಿಡಿದು.
ಉಕ್ಕಿನ ಗುಂಡಿ ಅಂಟಿಸಿ ತಂತಿ ಪೋಣಿಸಬಹುದು, ಅಗ್ಗ, ಹಟಮಾರಿ,
ಕಬಾಬಿನ ನಾರಿಗೆ ಅದರ ಮೇಲೆ ಬಲು ಪ್ರೀತಿ.
ಹಲ್ಲಿನ ಬಣ್ಣದ್ದೇ ಗುಂಡಿ ಬೇಕೆಂದರೆ ದುಡ್ಡು ಹೆಚ್ಚು, ಒಡೆಯುವುದೂ ಬೇಗ.
ಒಳಮೈಗೂ ಅಂಟಿಸುತ್ತಾರೆ; ಯಾರಿಗೂ ಕಾಣದು, ನಾಲಿಗೆಗೆ ಮಾತ್ರ ಗೊತ್ತು.
ಇನ್ನು ಗಾಜಿನಂಥ ಪೊರೆ. ದಿನಕ್ಕೆ ಇಪ್ಪತ್ತೆರಡು ಗಂಟೆ ತೊಡಬೇಕು,
ಚಹಾ ಕುಡಿಯುವಾಗ ಕಳಚಬೇಕು. ಸಕ್ಕರೆಯ ಹರಳು
ಹಲ್ಲಲ್ಲಿ ಹಿಡಿದು ಚಹಾ ಹೀರುವ ಊರು ಇದು,
ಉಳಿದ ಎರಡು ಗಂಟೆ ಅದಕ್ಕೇ ಸಾಲದು.
ಜಾಗ ಸಾಲದಿದ್ದರೆ ಒಂದನ್ನು ಕಿತ್ತು ಉಳಿದವಕ್ಕೆ ಹಂಚುವುದುಂಟು.
ಏನೂ ಮಾಡದಿರುವುದೂ ಒಂದು ದಾರಿ.
ಅದನ್ನು ಹೇಳದ ವೈದ್ಯರನ್ನು ನಂಬಬೇಡಿ.

"ನಮ್ಮಲ್ಲೂ ಹೀಗೇ," ಎಂದರು ಯದುಲ್ಲಾ,
"ಒಂದು ಹೆಂಚು ಅಲುಗಿಸಿ ನೋಡಿ, ಇಡೀ ಸಾಲು ದೂರು ಹೇಳುತ್ತದೆ."
ಆಮೇಲೆ, ಮಗಳಿಗೆ ಕೇಳಿಸದಂತೆ:
"ಈ ಸಂದಿ ಮುಚ್ಚಿದರೆ
ನೆಯ್ ಎಲ್ಲಿ ನಿಲ್ಲುತ್ತದೆ?"

ನಾನು ಓದಿದ ಯಾವ ಪುಸ್ತಕದಲ್ಲೂ ಆ ಪ್ರಶ್ನೆ ಇರಲಿಲ್ಲ.

ಗುರುವಾರ ತಂದರು. ಆರು ಗೆಣ್ಣಿನ ಜೊಂಡು,
ತುದಿಗೆ ಸವೆದ ಹಿತ್ತಾಳೆಯ ಕೊಳವೆ.
ನೆಯ್ ಅನ್ನುತ್ತೇವೆ; ಉಸಿರಿನ ಎಳೆ ಹಿಡಿದು ಅದು ಮಾಡುವುದೂ ಅದನ್ನೇ.
ತುಟಿಗೆ ಒಲಿಯುವ ಕೊಳಲಲ್ಲ. ಹಿತ್ತಾಳೆ ಹಲ್ಲಸಂದಿಯಲ್ಲಿ ಕೂತು,
ನಾಲಿಗೆ ಹಿಂದಿನಿಂದ ಗಾಳಿಯನ್ನು ಅಂಚಿಗೆ ತಳ್ಳಬೇಕು.
ನನ್ನ ಪುಟ್ಟ ಕನ್ನಡಿ ಓರೆಯಾಗಿ ಹಿಡಿದು ನೋಡಿದೆ.
ಮೊದಲು ಬರೀ ಗಾಳಿ, ನೀರು ಬಾರದ ನಲ್ಲಿಯ ಹಾಗೆ.
ಮಗಳು ತಲೆ ತಗ್ಗಿಸಿದಳು.
ಆಮೇಲೆ ಮಂದ್ರ.

ಹೊರಗೆ ಕಾಯುತ್ತಿದ್ದ ಮಗು ಅಳು ನಿಲ್ಲಿಸಿತೆಂದು ಬರೆಯಬಹುದಿತ್ತು;
ನಿಲ್ಲಿಸಲಿಲ್ಲ, ಶ್ರುತಿ ಬಿಟ್ಟು ಅಳುತ್ತಲೇ ಇತ್ತು.
ನನ್ನ ಸಹಾಯಕಿ ಮಾಹ್‌ರುಖ್ ಮಾತ್ರ
ಮುಂದಿನ ಹೆಸರು ಕರೆಯುವುದನ್ನು ಮರೆತಳು.

ಕೆಳಸಾಲಿಗಷ್ಟೇ ತಂತಿ, ಹನ್ನೊಂದು ತಿಂಗಳು.
ಹಲ್ಲು ನಡೆಯುವುದು ಹೇಗೆ ಗೊತ್ತೆ?
ಒತ್ತಿದ ಕಡೆ ಮೂಳೆ ಕರಗಿ ದಾರಿ ಬಿಡುತ್ತದೆ,
ಬಿಟ್ಟುಹೋದ ಕಡೆ ಹೊಸ ಮೂಳೆ ತುಂಬುತ್ತದೆ.
ಅವಸರ ಮಾಡಿದರೆ ಬೇರು ಸವೆದೀತು.
ನೋವೆ? ಮೊದಲ ವಾರ ಹಲ್ಲು ಕಚ್ಚಿ ಸಹಿಸಿ ಎನ್ನಲಾರೆ,
ಕಚ್ಚುವುದೇ ಕಷ್ಟ.
ತಂತಿ ಬಿಚ್ಚಿದ ಮೇಲೂ ರಾತ್ರಿ ಒಂದು ಪಟ್ಟಿ ತೊಡಬೇಕು, ಬಹುಕಾಲ;
ಹಲ್ಲು ತನ್ನ ತವರು ಮರೆಯುವುದಿಲ್ಲ.
ಸೋಮಾರಿತನದಿಂದ ನಾನೇ ಕೆಟ್ಟೆ, ನೋಡಿ,
ಎಂದು ಕೆಳದುಟಿ ಎಳೆದು ನನ್ನ ಸೊಟ್ಟ ಸಾಲು ತೋರಿಸಿದೆ.

ಪರಸ್ತೂ ನಕ್ಕಳು, ಬಾಯಿಗೆ ಅಂಗೈ ಅಡ್ಡ ಹಿಡಿದು.
ಆ ಅಂಗೈ ಯಾಕೆಂದು ಕೇಳಲಿಲ್ಲ.

ಸಂಜೆ ಕಡತ ತುಂಬಿದೆ.
ಮೇಲ್ಸಾಲು, ನಡುವೆ ಸಂದಿ, ಎರಡೂವರೆ ಮಿಲಿಮೀಟರ್.
ಮುಂದಿನ ಖಾನೆ: ಚಿಕಿತ್ಸೆ.
ಪೆನ್ನು ಸ್ವಲ್ಪ ಹೊತ್ತು ಮೇಲೇ ನಿಂತಿತ್ತು.
ಬರೆದೆ: ಬಳಕೆಯಲ್ಲಿದೆ.